ಮೊದಲು ಹತ್ತು ‘ಇಲ್ಲ’ ಕೂಡಿಹಾಕಿ

ಪ್ರಶ್ನೆ: ನನಗೆ 28 ವರ್ಷ. ತೀರ್ಥಹಳ್ಳಿ ಕಡೆಯ ಹಳ್ಳಿಯವಳು. ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ನಾಲ್ಕು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಸೇರಿದಾಗ 13,000 ರೂಪಾಯಿ ಸಂಬಳ ಇತ್ತು. ನಡುವೆ ಒಂದು ಸಲ ಸಾವಿರ ಜಾಸ್ತಿ ಮಾಡಿದರು, ಅಷ್ಟೇ. ಈ ತಿಂಗಳು ಕೇಳಿಯೇಬಿಡಬೇಕು ಅಂತ ಪ್ರತಿ ತಿಂಗಳೂ ಅಂದುಕೊಳ್ಳುತ್ತೇನೆ. ಸಾಹುಕಾರರ ಮೇಜಿನ ಹತ್ತಿರ ಹೋದರೆ ಗಂಟಲು ಕಟ್ಟುತ್ತದೆ. ಬೇರೆ ಏನೋ ಕೇಳಿ ವಾಪಸ್ ಬರುತ್ತೇನೆ. ಎರಡು ವರ್ಷದ ಹಿಂದೆ ದೊಡ್ಡಪ್ಪನ ಮಗನಿಗೆ 40,000 ಕೊಟ್ಟಿದ್ದೆ. ಅದನ್ನು ಕೇಳಲೂ ಬಾಯಿ ಬರುತ್ತಿಲ್ಲ. ‘ಇಲ್ಲ’ ಅಂದುಬಿಟ್ಟರೆ ಆಮೇಲೆ ಅವರ ಮುಖ ಹೇಗೆ ನೋಡಲಿ? ಇದು ನನ್ನ ಸ್ವಭಾವವಾ? ಬದಲಾಗುತ್ತಾ?

ಉತ್ತರ: ‘ಬೇರೆ ಏನೋ ಕೇಳಿ ವಾಪಸ್ ಬರುತ್ತೇನೆ’ ಅಂದಿರಲ್ಲ, ಆ ಸಾಲು ಓದಿ ಸಣ್ಣಗೆ ನಗು ಬಂತು. ನಿಮ್ಮನ್ನು ನೋಡಿ ಅಲ್ಲ. ಸಲಹೆ ಕೇಳಲು ನನ್ನ ಕೋಣೆಗೆ ಬರುವವರಲ್ಲಿ ಅರ್ಧ ಜನ ಇದನ್ನೇ ಮಾಡುತ್ತಾರೆ. ನಿದ್ದೆ ಬರಲ್ಲ, ತಲೆನೋವು ಅಂತ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಎದ್ದು ಹೋಗಿ, ಹೊರಗೆ ಚಪ್ಪಲಿ ಮೆಟ್ಟುವಾಗ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟುಕೊಂಡು, ‘ಮೇಡಂ, ಇನ್ನೊಂದು ವಿಷಯ’ ಅನ್ನುತ್ತಾರೆ. ಬಂದಿದ್ದೇ ಆ ವಿಷಯಕ್ಕೆ.

ನನ್ನದೂ ಒಂದು ಕೇಳಿ. ಕಾಲೇಜಿಗೆ ಶಿವಮೊಗ್ಗಕ್ಕೆ ಓಡಾಡುತ್ತಿದ್ದ ಕಾಲ. ನಮ್ಮೂರ ಕ್ರಾಸು ಮಂಡಗದ್ದೆಗಿಂತ ಸ್ವಲ್ಪ ಮೊದಲು ಸಿಗುತ್ತಿತ್ತು. ಬೇರೆ ಯಾರಾದರೂ ಇಳಿಯುವವರಿದ್ದರೆ ಸರಿ. ಇಲ್ಲದಿದ್ದರೆ ‘ಇಳಿಯೋರಿದ್ದಾರೆ’ ಅಂತ ನಾನೇ ಕೂಗಬೇಕು. ತುಂಬಿದ ಬಸ್ಸು, ಎಲ್ಲರೂ ತಿರುಗಿ ನೋಡುತ್ತಾರೆ ಅನ್ನುವ ಭಯ. ಜೂನ್ ತಿಂಗಳ ಒಂದು ಸಂಜೆ ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ಕ್ರಾಸು ದಾಟಿಹೋಯಿತು. ಮಂಡಗದ್ದೆಯಲ್ಲಿ ಇಳಿದು, ಸುರಿಯುವ ಮಳೆಯಲ್ಲಿ ವಾಪಸ್ ನಡೆದೆ. ಮನೆಯಲ್ಲಿ ‘ಬಸ್ಸು ನಿಲ್ಲಿಸಲಿಲ್ಲ’ ಅಂದೆ. ಪಾಪ, ಆ ಕಂಡಕ್ಟರಿಗೆ ನಮ್ಮಮ್ಮ ಒಂದು ವಾರ ಬೈದರು.

ಆ ದಿನ ಬಸ್ಸಿನಲ್ಲಿ ನನಗೆ ಆಗಿದ್ದೇ ನಿಮಗೆ ಸಾಹುಕಾರರ ಮೇಜಿನ ಹತ್ತಿರ ಆಗುತ್ತಿದೆ. ಕೇಳಬೇಕು ಅಂದುಕೊಂಡ ಕೂಡಲೇ ಎದೆ ಡವಡವ, ಅಂಗೈ ಬೆವರು. ‘ನಾಳೆ ಕೇಳಿದರಾಯಿತು’ ಅಂದುಕೊಂಡ ಕ್ಷಣ ಎಲ್ಲ ತಣ್ಣಗಾಗುತ್ತದೆ. ಆ ಹಾಯ್ ಅನ್ನಿಸುತ್ತದಲ್ಲ, ಅದೇ ತೊಂದರೆ. ಕೇಳದೆ ಬಂದಿದ್ದಕ್ಕೆ ಮನಸ್ಸಿಗೆ ಒಂದು ಸಣ್ಣ ಬಹುಮಾನ ಸಿಕ್ಕ ಹಾಗೆ. ಮುಂದಿನ ಸಲವೂ ಅದು ಅದೇ ಬಹುಮಾನಕ್ಕೆ ಕೈ ಚಾಚುತ್ತದೆ. ನಾಲ್ಕು ವರ್ಷದಲ್ಲಿ ತಿಂಗಳಿಗೊಂದು ಸಲ ಅಂದರೂ ನೀವು ನಲವತ್ತೆಂಟು ಸಲ ಅಭ್ಯಾಸ ಮಾಡಿದ್ದೀರಿ, ಕೇಳದೆ ಬರುವ ಅಭ್ಯಾಸ. ಹಾಗಾಗಿ ಇದು ಸ್ವಭಾವ ಅನ್ನುವುದಕ್ಕಿಂತ ರೂಢಿ. ರೂಢಿ ಬದಲಾಗುತ್ತದೆ, ಆದರೆ ಬುದ್ಧಿಮಾತಿನಿಂದ ಅಲ್ಲ.

ಬುದ್ಧಿಮಾತು ಹೇಳುವವರಿಗೆ ಇನ್ನೊಂದು ವಿಷಯ. ‘ಇಲ್ಲ ಅಂದರೆ ಏನೀಗ, ತಲೆ ಕೆಡಿಸ್ಕೋಬೇಡ’ ಅನ್ನುವುದು ಸುಲಭ. 2003ರಲ್ಲಿ ಅಮೆರಿಕದ ನವೋಮಿ ಐಸನ್‌ಬರ್ಗರ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಮೆದುಳಿನ ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿದವರಿಗೆ ಕಂಪ್ಯೂಟರಿನಲ್ಲಿ ಚೆಂಡು ಎಸೆದಾಡುವ ಆಟ ಕೊಟ್ಟರು. ಸ್ವಲ್ಪ ಹೊತ್ತಾದ ಮೇಲೆ ಉಳಿದ ಇಬ್ಬರು ತಮ್ಮತಮ್ಮಲ್ಲೇ ಆಡಿಕೊಂಡು ಇವರಿಗೆ ಚೆಂಡು ಕೊಡುವುದನ್ನೇ ಬಿಟ್ಟರು. ಮೈಗೆ ನೋವಾದಾಗ ಚುರುಕಾಗುವ ಮೆದುಳಿನ ಒಂದು ಭಾಗ ಆಗಲೂ ಚುರುಕಾಯಿತು. ಅದು ಬರೀ ಆಟ, ಎದುರಿಗಿದ್ದವರು ಯಾರೋ ಏನೋ. ಅಷ್ಟಕ್ಕೇ ಹಾಗೆ. ದಿನಾ ಎದುರು ಕೂರುವ ಸಾಹುಕಾರರು ‘ಇಲ್ಲ’ ಅಂದರೆ ನೋವಾಗುತ್ತದೆ. ಆಗಲ್ಲ ಅಂತ ನಾನು ಹೇಳಲ್ಲ. ಎಷ್ಟು ಹೊತ್ತು ಇರುತ್ತದೆ ಅನ್ನುವುದು ಮಾತ್ರ ನೀವು ಅಂದುಕೊಂಡ ಹಾಗಿರಲ್ಲ.

ಇನ್ನು ನಮ್ಮ ಮಲೆನಾಡಿನ ವಿಷಯಕ್ಕೆ ಬರೋಣ. ಯಾರದಾದರೂ ಮನೆಗೆ ಹೋದರೆ ಜಗುಲಿಯಲ್ಲಿ ಕೂರುವ ಮೊದಲೇ ‘ಆಸರಿಗೆ ಎಂತ ಬೇಕು?’ ಅನ್ನುತ್ತಾರೆ. ನಾವು ‘ಎಂತದೂ ಬೇಡ’ ಅನ್ನುತ್ತೇವೆ. ಗಂಟಲು ಒಣಗಿರುತ್ತದೆ, ಆದರೂ ಬೇಡ. ಅವರು ಇನ್ನೊಂದು ಸಲ ಕೇಳಬೇಕು, ನಾವು ‘ಸುಮ್ನೆ ನಿಮಗೆ ತೊಂದರೆ’ ಅನ್ನಬೇಕು, ಅಷ್ಟರಲ್ಲಿ ಒಳಗಿನಿಂದ ಮಜ್ಜಿಗೆಯೋ ಪಾನಕವೋ ಬಂದೇಬಿಡುತ್ತದೆ. ಚೆಂದದ ಪದ್ಧತಿ, ನನಗೂ ಇಷ್ಟ. ಆದರೆ ಬೇಕಾದ್ದನ್ನು ಬೇಕು ಅನ್ನದೆಯೇ ಎದುರಿನವರು ತಿಳಿದುಕೊಂಡು ಕೊಡಬೇಕು ಅನ್ನುವ ಪಾಠ ಚಿಕ್ಕಂದಿನಿಂದ ಮೈಗೆ ಹತ್ತುತ್ತದೆ. ಮಂಡಿಯಲ್ಲಿ ಸಾಹುಕಾರರು ಎರಡನೇ ಸಲ ‘ಏನಮ್ಮಾ, ಸಂಬಳ ಜಾಸ್ತಿ ಬೇಕಾ?’ ಅಂತ ಕೇಳಲ್ಲ. ಮೊದಲನೇ ಸಲವೇ ಕೇಳಲ್ಲ.

ಇನ್ನೊಂದು ಕಡೆ, ‘ಇಲ್ಲ’ ಅನ್ನುವವರೂ ನಮ್ಮಲ್ಲಿ ಬಾಯಿಬಿಟ್ಟು ಇಲ್ಲ ಅನ್ನಲ್ಲ. ‘ನೋಡೋಣ’ ಅನ್ನುತ್ತಾರೆ. ‘ಕೊಯ್ಲು ಮುಗೀಲಿ’ ಅನ್ನುತ್ತಾರೆ. ಕೇಳಿದವರು ಆ ‘ನೋಡೋಣ’ ಹಿಡಿದುಕೊಂಡು ಒಂದು ವರ್ಷ ಕಾಯುತ್ತಾರೆ, ಹೇಳಿದವರು ಎದುರು ಸಿಕ್ಕಾಗ ರಸ್ತೆ ಬದಲಿಸುತ್ತಾರೆ. ನನ್ನ ಹತ್ತಿರ ಬಂದ ಜಗಳಗಳಲ್ಲಿ ನೇರವಾಗಿ ‘ಇಲ್ಲ’ ಅಂದಿದ್ದಕ್ಕೆ ಮುರಿದ ಸಂಬಂಧ ಬಹಳ ಕಡಿಮೆ. ‘ನೋಡೋಣ’ ಅಂದಿದ್ದಕ್ಕೆ ಮುರಿದದ್ದೇ ಜಾಸ್ತಿ.

ಹಾಗಾಗಿ ನೀವು ಕಲಿಯಬೇಕಾದ್ದು ಧೈರ್ಯಕ್ಕಿಂತ ಹೆಚ್ಚಾಗಿ ಇದು: ಎದುರಿನವರು ಸಂಕೋಚ ಇಲ್ಲದೆ ‘ಇಲ್ಲ’ ಅನ್ನಲು ಜಾಗ ಇರುವ ಹಾಗೆ ಕೇಳುವುದು. ಜಾಗ ಇದ್ದರೆ ಅವರಿಗೂ ಮುಖ ಉಳಿಯುತ್ತದೆ, ನಿಮಗೂ.

ಮುಖದ ಮಾತು ಬಂತಲ್ಲ, ನೀವು ಕೆಲಸ ಮಾಡುವ ಜಾಗವನ್ನೇ ಒಂದು ದಿನ ಗಮನಿಸಿ ನೋಡಿ. ರೈತರು ಚೀಲ ತಂದು ಇಳಿಸುತ್ತಾರೆ. ರಾಶಿಯೋ ಬೆಟ್ಟೆಯೋ, ಅಡಿಕೆಯ ಬಗೆ ನೋಡಿ ಮಂಡಿಯವರು ಒಂದು ರೇಟು ಹೇಳುತ್ತಾರೆ. ‘ಈ ರೇಟಿಗೆ ಕೊಡಲ್ಲ, ಇರಲಿ ಬಿಡಿ’ ಅಂತ ರೈತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾನೆ. ಯಾರ ಮುಖವೂ ಬಾಡುವುದಿಲ್ಲ. ಅಲ್ಲೇ ಕೂತು ಕಾಫಿ ಕುಡಿದು, ಮಳೆ ವಿಷಯ, ಎಲೆಚುಕ್ಕೆ ರೋಗದ ವಿಷಯ ಮಾತಾಡಿ ಹೋಗುತ್ತಾನೆ. ಎರಡು ವಾರ ಬಿಟ್ಟು ಮತ್ತೆ ಬರುತ್ತಾನೆ. ನಿಮ್ಮ ಸಾಹುಕಾರರು ದಿನಕ್ಕೆ ಇಂಥ ‘ಇಲ್ಲ’ ಎಷ್ಟು ಕೇಳುತ್ತಾರೆ, ಎಷ್ಟು ಹೇಳುತ್ತಾರೆ, ಒಂದು ದಿನ ಎಣಿಸಿ. ಅವರಿಗೆ ಅದು ರೇಟಿನ ಮಾತು. ನಿಮಗೆ ಮಾತ್ರ ಅದು ನಿಮ್ಮ ಮೇಲಿನ ತೀರ್ಪು ಅನ್ನಿಸುತ್ತಿದೆ.

ಈಗ ಅಭ್ಯಾಸಕ್ಕೆ ಬರುತ್ತೇನೆ. ಇದು ಹೊಸದಲ್ಲ. ಮನೋಚಿಕಿತ್ಸೆಯಲ್ಲಿ ದೊಡ್ಡ ಹೆಸರು ಮಾಡಿದ ಆಲ್ಬರ್ಟ್ ಎಲ್ಲಿಸ್ 19 ವರ್ಷದ ಹುಡುಗನಾಗಿದ್ದಾಗ ಹೆಣ್ಣುಮಕ್ಕಳ ಹತ್ತಿರ ಮಾತಾಡಲು ಸತ್ತು ಹೋಗುವಷ್ಟು ಹೆದರುತ್ತಿದ್ದ. 1933ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಸಸ್ಯೋದ್ಯಾನಕ್ಕೆ ದಿನಾ ಹೋಗಿ, ಬೆಂಚಿನ ಮೇಲೆ ಕೂತವರ ಹತ್ತಿರ ಹೋಗಿ ಮಾತಾಡಿಸುವುದು ಅಂತ ತನಗೆ ತಾನೇ ಕಟ್ಟಳೆ ಹಾಕಿಕೊಂಡ. 130 ಜನರ ಹತ್ತಿರ ಹೋದ. 30 ಜನ ಎದ್ದು ಹೋದರು. ಉಳಿದ 100 ಜನ ಮಾತಾಡಿದರು. ಮತ್ತೆ ಸಿಗೋಣ ಅಂದವರು ಒಬ್ಬರೇ, ಅವರೂ ಬರಲಿಲ್ಲ! ಲೆಕ್ಕದಲ್ಲಿ ಪೂರ್ತಿ ಸೋಲು. ಆದರೆ ಯಾರೂ ಹೊಡೆಯಲಿಲ್ಲ, ಪೊಲೀಸರನ್ನು ಕರೆಯಲಿಲ್ಲ. ಅವನ ಭಯ ಹೋಯಿತು. ಮುಂದೆ 1955ರಲ್ಲಿ ಅವನು ಶುರು ಮಾಡಿದ ಚಿಕಿತ್ಸಾ ಪದ್ಧತಿಗೆ ಇಂಥ ಅನುಭವಗಳೇ ಬೇರು. (ಯಾರಾದರೂ ಹುಡುಗರು ಇದನ್ನು ಓದುತ್ತಿದ್ದರೆ, ಗಾಂಧಿ ಪಾರ್ಕಿಗೆ ಹೋಗಿ ಇದನ್ನೇ ಮಾಡಬೇಡಿ. ಒಬ್ಬರೇ ಕೂತವರ ನೆಮ್ಮದಿ ಹಾಳು ಮಾಡಿ ನಮ್ಮ ಭಯ ಕಳೆದುಕೊಳ್ಳುವ ಅಗತ್ಯ ಇಲ್ಲ.)

ನಿಮಗೆ ನಾನು ಕೊಡುವ ಕೆಲಸ ಇದಕ್ಕಿಂತ ಸುಲಭ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಮೂರು ವಾರದಲ್ಲಿ ಹತ್ತು ‘ಇಲ್ಲ’ ಸಂಪಾದಿಸಬೇಕು. ‘ಹೌದು’ ಬಂದರೆ ಲೆಕ್ಕಕ್ಕಿಲ್ಲ. ತರಕಾರಿ ತೂಕ ಆದ ಮೇಲೆ ‘ಎರಡು ಮೆಣಸಿನಕಾಯಿ ಕೊಸರು ಹಾಕಿ’ ಅನ್ನಿ. ನೆಹರೂ ರಸ್ತೆಯ ಬಟ್ಟೆ ಅಂಗಡಿಯಲ್ಲಿ ನಾಲ್ಕು ಸೀರೆ ಬಿಚ್ಚಿಸಿ, ಯಾವುದೂ ಇಷ್ಟವಾಗದಿದ್ದರೆ ಕ್ಷಮೆ ಕೇಳದೆ ಬರಿಗೈಯಲ್ಲಿ ಎದ್ದು ಬನ್ನಿ. ಇಲ್ಲಿ ‘ಇಲ್ಲ’ ಅನ್ನುವವರು ನೀವು, ಅದೂ ಅಭ್ಯಾಸವೇ. ಹೋಟೆಲಿನಲ್ಲಿ ‘ಅರ್ಧ ದೋಸೆ ಕೊಡ್ತೀರಾ?’ ಅಂತ ಕೇಳಿ. ತೀರ್ಥಹಳ್ಳಿ ಬಸ್ಸಿನಲ್ಲಿ ‘ಕಿಟಕಿ ಕಡೆ ನಾನು ಕೂರಲಾ, ನನಗೆ ವಾಂತಿ ಬರುತ್ತೆ’ ಅಂತ ಕೇಳಿ. ವಾಂತಿ ನಿಜವಾಗಿ ಬರುವುದಾದರೆ ಮಾತ್ರ, ಸುಳ್ಳು ಹೇಳುವ ಅಭ್ಯಾಸ ಬೇಡ.

ಕೇಳುವ ಮೊದಲು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ: ‘ಬೈಯುತ್ತಾರೆ’, ‘ನಗುತ್ತಾರೆ’, ‘ಕೊಡಲ್ಲ’, ನಿಮಗೆ ಏನನ್ನಿಸುತ್ತದೋ ಅದು. ಕೇಳಿದ ಮೇಲೆ ಪಕ್ಕದಲ್ಲಿ ನಿಜವಾಗಿ ಆಗಿದ್ದು ಬರೆಯಿರಿ. ಎಡಕ್ಕೆ ಅಂದಾಜು, ಬಲಕ್ಕೆ ಜಮೆ. ಲೆಕ್ಕ ಬರೆಯುವವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ ಅಲ್ವಾ? ಒಂದು ಎಚ್ಚರ ಇದೆ. ಕೇಳಿದ ತಕ್ಷಣ ಓಡಿ ಬರಬೇಡಿ. ಎದೆ ಬಡಿತ ಮೇಲೇರಿ, ಅಲ್ಲೇ ನಿಂತಿದ್ದರೆ ತಾನಾಗಿ ಇಳಿಯುತ್ತದೆ. ಇಳಿಯುವುದನ್ನು ಮೈ ಒಂದೆರಡು ಸಲ ನೋಡಬೇಕು. ಓಡಿ ಬಂದರೆ ಮೈಗೆ ಗೊತ್ತಾಗುವುದು ಏರಿದ್ದು ಮಾತ್ರ.

ಹತ್ತು ‘ಇಲ್ಲ’ ಕೂಡಿಸುವುದು ನೀವು ಅಂದುಕೊಂಡಷ್ಟು ಸುಲಭ ಇರಲಿಕ್ಕಿಲ್ಲ. ಜನ ಕೊಟ್ಟುಬಿಡುತ್ತಾರೆ. 2008ರಲ್ಲಿ ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ ಅನ್ನುವ ಇಬ್ಬರು ಸಂಶೋಧಕರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷೆ ಮಾಡಿದ್ದಾರೆ. ಗುರುತಿಲ್ಲದವರ ಹತ್ತಿರ ಹೋಗಿ ಒಂದು ಪ್ರಶ್ನಾವಳಿ ತುಂಬಿಸಿಕೊಂಡು ಬರಬೇಕು, ಐದು ಜನ ತುಂಬಿಕೊಡಬೇಕು. ಅದಕ್ಕೆ ಸುಮಾರು 20 ಜನರನ್ನು ಕೇಳಬೇಕಾಗಬಹುದು ಅಂತ ವಿದ್ಯಾರ್ಥಿಗಳು ಅಂದಾಜು ಮಾಡಿದ್ದರು. ಸುಮಾರು ಹತ್ತು ಜನರನ್ನು ಕೇಳುವಷ್ಟರಲ್ಲಿ ಕೆಲಸ ಮುಗಿಯಿತು. ಕೇಳುವವರು ‘ಇವರಿಗೆ ಎಷ್ಟು ತೊಂದರೆ’ ಅಂತ ಯೋಚಿಸುತ್ತಾರೆ. ಕೇಳಿಸಿಕೊಂಡವರಿಗೆ ಎದುರು ನಿಂತವರಿಗೆ ಇಲ್ಲ ಅನ್ನುವುದೇ ಕಷ್ಟ. ನಮ್ಮ ಕಡೆ ಈ ಕಷ್ಟ ಇನ್ನೂ ಜಾಸ್ತಿ ಅಂತ ನನ್ನ ಅನುಭವ. ಅದಕ್ಕೇ ಮೇಲೆ ಹೇಳಿದ್ದು, ಜಾಗ ಬಿಟ್ಟು ಕೇಳಿ ಅಂತ. ಇಲ್ಲದಿದ್ದರೆ ಬಾಯಲ್ಲಿ ‘ಹೌದು’ ಸಿಗುತ್ತದೆ, ಕೆಲಸ ಆಗಲ್ಲ.

ಸಂಬಳದ ವಿಷಯ. ಕೇಳುವ ಮೊದಲು ಒಂದು ಪರೀಕ್ಷೆ ಮಾಡಿ. ಅಂಗಡಿ, ಮಂಡಿಗಳ ಕೆಲಸಗಾರರಿಗೆ ಸರ್ಕಾರ ಕನಿಷ್ಠ ವೇತನ ಗೊತ್ತು ಮಾಡುತ್ತದೆ. ತುಟ್ಟಿಭತ್ಯೆ ಸೇರಿ ಏಪ್ರಿಲ್‌ನಿಂದ ಏಪ್ರಿಲ್‌ಗೆ ಅದು ಬದಲಾಗುತ್ತದೆ. ಈ ವರ್ಷ ಲೆಕ್ಕ ಬರೆಯುವವರಿಗೆ ಎಷ್ಟು ಅಂತ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ನಿಮ್ಮ 14,000 ಅದಕ್ಕಿಂತ ಕೆಳಗಿದ್ದರೆ, ನೀವು ಕೇಳುವುದು ಉಪಕಾರ ಅಲ್ಲ, ಸರಿಯಾದ ಅಳತೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಕೇಳಿದ್ದೂ ಅಷ್ಟೇ ಅಲ್ವಾ? ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದಾಯಿತು, ಸರಿಯಾದ ಕೊಳಗದಲ್ಲಿ ಅಳೆಯಿರಿ ಅಂದರು. ಸಿಕ್ಕ ಉತ್ತರ ‘ಇಲ್ಲ’. ಅಲ್ಲಿಂದ ಅದು ಸತ್ಯಾಗ್ರಹವಾಗಿ ಬೆಳೆದ ಕಥೆ ನಿಮ್ಮ ಅಜ್ಜಂದಿರಿಗೆ ಗೊತ್ತಿರುತ್ತದೆ. ನೀವು ಅಷ್ಟು ದೂರ ಹೋಗಬೇಕಿಲ್ಲ. ಹೊಸ ಅಡಿಕೆ ಬರುವ ಗಡಿಬಿಡಿಯ ಬೆಳಿಗ್ಗೆ ಬೇಡ, ರೇಟು ಬಿದ್ದ ದಿನ ಖಂಡಿತ ಬೇಡ, ಅಷ್ಟು ನೋಡಿಕೊಂಡರೆ ಸಾಕು.

ವಾಟ್ಸ್ಆ್ಯಪ್‌ನಲ್ಲಿ ಕೇಳಬೇಡಿ, ಎದುರು ನಿಂತು ಕೇಳಿ. ಹಿಂದಿನ ದಿನವೇ ‘ಸರ್, ಸಂಬಳದ ವಿಷಯ ಐದು ನಿಮಿಷ ಮಾತಾಡಬೇಕು. ನಾಳೆ ಸಂಜೆ ಆಗುತ್ತಾ?’ ಅನ್ನಿ. ವಿಷಯ ಏನು ಅಂತ ಮೊದಲೇ ಹೇಳಿಬಿಟ್ಟರೆ ಬೇರೆ ಏನೋ ಕೇಳಿ ವಾಪಸ್ ಬರುವ ದಾರಿ ಮುಚ್ಚುತ್ತದೆ. ಮರುದಿನ ಹೀಗೆ ಹೇಳಬಹುದು, ಕೆಲಸದ ಪಟ್ಟಿ ನಿಮ್ಮದು ತುಂಬಿಕೊಳ್ಳಿ: ‘ಸೇರಿದಾಗ ರೋಕಡಿ ಮಾತ್ರ ಬರೀತಿದ್ದೆ. ಈಗ ಟ್ಯಾಲಿ, ಜಿಎಸ್‌ಟಿ, ರೈತರ ಮುಂಗಡದ ಲೆಕ್ಕ ಎಲ್ಲ ನಾನೇ ನೋಡ್ತಿದ್ದೀನಿ. ಸಂಬಳ 18,000 ಮಾಡಿಕೊಡಿ ಅಂತ ಕೇಳ್ತಿದ್ದೀನಿ.’

ಇಲ್ಲಿಗೆ ನಿಲ್ಲಿಸಿ. ಬಾಯಿ ಮುಚ್ಚಿ. ಮೇಜಿನ ಮೇಲಿನ ಫ್ಯಾನಿನ ಸದ್ದು ಕೇಳಿಸುತ್ತದೆ, ಕೇಳಿಸಲಿ. ನಮ್ಮವರು ಕೆಡುವುದು ಈ ನಾಲ್ಕು ಸೆಕೆಂಡಿನಲ್ಲಿ. ಸುಮ್ಮನಿರಲು ಆಗದೆ ‘ಆಗದಿದ್ದರೆ ಪರವಾಗಿಲ್ಲ ಸರ್, ಸುಮ್ನೆ ಕೇಳಿದೆ’ ಅಂದುಬಿಡುತ್ತಾರೆ. ಅವರು ಯೋಚನೆ ಮಾಡುವ ಮೊದಲೇ ನೀವೇ ‘ಇಲ್ಲ’ ಅಂದುಕೊಂಡ ಹಾಗಾಯಿತು.

ಕಾರಣ ಹೇಳುವುದು ಯಾಕೆ ಮುಖ್ಯ ಅನ್ನುವುದಕ್ಕೆ 1978ರ ಒಂದು ಪ್ರಯೋಗ ಇದೆ. ಎಲೆನ್ ಲ್ಯಾಂಗರ್ ತಂಡ ಝೆರಾಕ್ಸ್ ಯಂತ್ರದ ಹತ್ತಿರ ನಿಂತವರನ್ನು ‘ಮೊದಲು ನನಗೆ ಬಿಡುತ್ತೀರಾ?’ ಅಂತ ಕೇಳಿಸಿತು. ಐದು ಹಾಳೆ ಆಗಿದ್ದರೆ, ‘ಯಾಕಂದರೆ ಝೆರಾಕ್ಸ್ ಮಾಡಬೇಕು’ ಅನ್ನುವ ಪೊಳ್ಳು ಕಾರಣಕ್ಕೂ ನೂರರಲ್ಲಿ ತೊಂಬತ್ತಕ್ಕಿಂತ ಜಾಸ್ತಿ ಜನ ಬಿಟ್ಟರು. ಇಪ್ಪತ್ತು ಹಾಳೆ ಆದಾಗ ಪೊಳ್ಳು ಕಾರಣ ನಡೆಯಲಿಲ್ಲ, ‘ಅರ್ಜೆಂಟ್ ಇದೆ’ ಅನ್ನುವ ನಿಜದ ಕಾರಣಕ್ಕೆ ಮಾತ್ರ ಹೆಚ್ಚು ಜನ ಒಪ್ಪಿದರು. ಕೊಸರು ಕೇಳಲು ಯಾವ ಕಾರಣವೂ ಸಾಕು. ಸಂಬಳಕ್ಕೆ ‘ಎಲ್ಲ ತುಟ್ಟಿ ಆಗಿದೆ ಸರ್’ ಸಾಲದು.

ಅವರು ‘ನೋಡೋಣಮ್ಮ’ ಅಂದರೆ? ಅನ್ನುತ್ತಾರೆ, ನೂರಕ್ಕೆ ತೊಂಬತ್ತು. ಆಗ ‘ಸರಿ ಸರ್. ಮುಂದಿನ ತಿಂಗಳು ಹತ್ತನೇ ತಾರೀಕು ಮತ್ತೆ ಕೇಳಲಾ? ಆಗಲ್ಲ ಅಂದರೆ ಆಗಲ್ಲ ಅಂತಲೇ ಹೇಳಿ, ನನಗೂ ಗೊತ್ತಾಗುತ್ತೆ’ ಅನ್ನಿ. ಮೊದಲು ಬೇಡ ಅಂದಿದ್ದ ಮಾತು ಇಲ್ಲಿ ಬೇಕು. ಉತ್ತರಕ್ಕೆ ಮೊದಲು ಅಂದರೆ ಅದು ಹಿಂಜರಿಕೆ, ‘ನೋಡೋಣ’ ಆದ ಮೇಲೆ ಅಂದರೆ ಅದೇ ನಾನು ಹೇಳಿದ ಜಾಗ. ‘ಇಲ್ಲ’ ಅಂದರೆ ‘ಏನು ಮಾಡಿದರೆ ಆಗುತ್ತೆ?’ ಅಂತ ಒಂದೇ ಪ್ರಶ್ನೆ ಕೇಳಿ ಎದ್ದು ಬನ್ನಿ. ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೆ ಹೋಗಿ, ಎಂದಿನ ಹಾಗೆ ನಮಸ್ಕಾರ ಹೇಳಿ. ‘ಮುಖ ಹೇಗೆ ನೋಡಲಿ’ ಅಂದಿರಲ್ಲ, ಹೀಗೆ ನೋಡುವುದು. ಮೊದಲ ಒಂದು ನಿಮಿಷ ಮುಜುಗರ ಆಗುತ್ತದೆ. ಎರಡನೇ ದಿನ ಅರ್ಧ ನಿಮಿಷ.

ದೊಡ್ಡಪ್ಪನ ಮಗನದು ಇದಕ್ಕಿಂತ ಸೂಕ್ಷ್ಮ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಗಾದೆ ಸುಮ್ನೆ ಹುಟ್ಟಿಲ್ಲ. ಆದರೆ ಅವನೂ ನಿಮ್ಮನ್ನು ಕಂಡರೆ ಮುದುಡುತ್ತಿರಬಹುದು. ಮದುವೆ ಮನೆಯಲ್ಲಿ, ನಾಲ್ಕು ಜನರ ಎದುರು ಕೇಳಬೇಡಿ. ದೊಡ್ಡಮ್ಮನ ಮೂಲಕ ಹೇಳಿ ಕಳಿಸಬೇಡಿ, ಅದು ಊರಿಡೀ ಸುತ್ತಿ ಬೇರೆ ಬಣ್ಣ ಹಚ್ಚಿಕೊಂಡು ಬರುತ್ತದೆ. ಅವನೊಬ್ಬನೇ ಸಿಕ್ಕಾಗ ‘ಅಣ್ಣ, ಆ ನಲವತ್ತು ಸಾವಿರ ನನಗೆ ಬೇಕಾಗಿದೆ. ಒಟ್ಟಿಗೆ ಆಗುತ್ತಾ, ತಿಂಗಳಿಗೆ ಇಷ್ಟು ಅಂತ ಕೊಡ್ತೀಯಾ?’ ಅನ್ನಿ. ‘ಯಾವಾಗ ಆಗುತ್ತೋ ಆಗ ಕೊಡು’ ಅನ್ನುವ ಔದಾರ್ಯ ಬೇಡ. ಒಪ್ಪಿದ ಮೇಲೆ ಮೊತ್ತ, ತಾರೀಕು ಬರೆದು ಅವನ ಸಹಿ ತೆಗೆದುಕೊಳ್ಳಿ. ಕೈಸಾಲಕ್ಕೆ ಕೋರ್ಟಿನಲ್ಲಿ ಕೇಳುವ ಅವಧಿ ಸಾಮಾನ್ಯವಾಗಿ ಕೊಟ್ಟ ದಿನದಿಂದ 3 ವರ್ಷ. ಅದರೊಳಗೆ ಸಾಲ ಒಪ್ಪಿ ಸಹಿ ಮಾಡಿದ ಬರಹ ಇದ್ದರೆ ಅಲ್ಲಿಂದ ಹೊಸದಾಗಿ ಎಣಿಕೆ. ಕೋರ್ಟಿಗೆ ಹೋಗಿ ಅಂತಲ್ಲ. ನಿಮಗೆ ಎರಡು ವರ್ಷ ಆಗಿಹೋಗಿದೆ ಅಂತ ನೆನಪಿಸಿದೆ, ಅಷ್ಟೇ.

ಕೇಳುವ ಅಭ್ಯಾಸ ಅಂದರೆ ಕಾಡುವ ಅಭ್ಯಾಸ ಅಲ್ಲ. ಈ ಮಾತು ನಿಮಗಲ್ಲ, ಪ್ರೀತಿ ಹೇಳಿಕೊಂಡು ‘ಇಲ್ಲ’ ಅನ್ನಿಸಿಕೊಂಡವರು ನನಗೆ ಬರೆಯುವ ಪತ್ರಗಳಿಗೆ. ಸಂಬಳ ಮುಂದಿನ ವರ್ಷ ಮತ್ತೆ ಕೇಳಬಹುದು. ಒಬ್ಬರ ಮನಸ್ಸು ಒಂದು ಸಲ ಇಲ್ಲ ಅಂದರೆ ಅಲ್ಲಿಗೆ ಮುಗಿಯಿತು.

ನಿಮ್ಮ ಪತ್ರದಲ್ಲಿ ಇಲ್ಲದ್ದನ್ನೂ ಕೇಳಿಬಿಡುತ್ತೇನೆ. ಫೋನ್ ಬಂದರೂ ಎತ್ತಲು ಭಯವಾ? ಬೇರೆಯವರ ಎದುರು ಊಟ ಮಾಡಲು, ಸಹಿ ಹಾಕಲು ಕೈ ನಡುಗುತ್ತಾ? ಆರು ತಿಂಗಳಿಗಿಂತ ಜಾಸ್ತಿ ಹೀಗಿದ್ದರೆ ಅದು ಬರೀ ಸಂಕೋಚ ಇರಲಿಕ್ಕಿಲ್ಲ, ಚಿಕಿತ್ಸೆಯಿಂದ ಚೆನ್ನಾಗಿ ಹತೋಟಿಗೆ ಬರುವ ಆತಂಕದ ತೊಂದರೆ ಇರಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಬಹುದು. ಹೋಗಲು ಮುಜುಗರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಇಲ್ಲವಾದರೆ ನಾಳೆಯೇ ನೋಟ್‌ಬುಕ್ ತೆಗೆಯಿರಿ. ಮೂರು ವಾರ ಆದ ಮೇಲೆ ನನಗೆ ಬರೆಯಿರಿ, ಎಷ್ಟು ‘ಇಲ್ಲ’ ಸಿಕ್ಕವು ಅಂತ. ಹತ್ತು ತುಂಬಲಿಲ್ಲ, ಏಳೇ ಆಯಿತು ಅಂದರೆ, ಕೊಸರು ಕೊಟ್ಟು ನಿಮ್ಮ ಲೆಕ್ಕ ಕೆಡಿಸಿದ ತರಕಾರಿ ಅಂಗಡಿ ಯಾವುದು ಅಂತಲೂ ಬರೆಯಿರಿ. ನಾನೂ ಅಲ್ಲೇ ಹೋಗುತ್ತೇನೆ.